ಒಂದು ಹಿಡಿ ಅಡಿಕೆ, ಇಡೀ ಮೂಟೆ

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಖರೀದಿಗೆ ಬಂದವರು ಮೂಟೆಯ ಬಾಯಿ ಬಿಚ್ಚಿಸಿ, ಮೊಣಕೈವರೆಗೆ ಕೈಯಿಳಿಸಿ, ‘ರಾಶಿ’ ಎಂಬ ಬಗೆಯ ಅಡಿಕೆಯನ್ನು ಒಂದು ಹಿಡಿ ಹೊರತೆಗೆದು ಅಂಗೈಯಲ್ಲಿ ಹೊರಳಿಸುತ್ತಾರೆ. ಬಣ್ಣ ನೋಡುತ್ತಾರೆ, ಒಂದೆರಡನ್ನು ಒಡೆದು ಒಳಗಿನ ತಿರುಳು ನೋಡುತ್ತಾರೆ, ಉಳಿದದ್ದನ್ನು ಮೂಟೆಗೇ ಸುರಿದು ದರ ನಿಶ್ಚಯಿಸುತ್ತಾರೆ. ಹಿಡಿಯಲ್ಲಿ ಬಂದದ್ದು ಇಪ್ಪತ್ತೋ ಮೂವತ್ತೋ ಅಡಿಕೆ; ಮೂಟೆಯಲ್ಲಿ ಉಳಿದದ್ದು ಸಾವಿರಗಟ್ಟಲೆ. ಕಂಡ ಸ್ವಲ್ಪದಿಂದ ಕಾಣದ ಬಹಳದ ಬಗ್ಗೆ ತೀರ್ಮಾನಕ್ಕೆ ಬರುವ ಈ ಕೆಲಸವನ್ನು ಮಂಡಿಯವರು ಕಣ್ಣಂದಾಜಿನಲ್ಲಿ ಮಾಡುತ್ತಾರೆ. ಸಂಖ್ಯಾಶಾಸ್ತ್ರವೂ ಮಾಡುವುದು ಅಂದಾಜನ್ನೇ. ಆದರೆ ಆ ಅಂದಾಜು ಎಷ್ಟರ ಮಟ್ಟಿಗೆ ತಪ್ಪಿರಬಹುದು ಎಂಬ ಇನ್ನೊಂದು ಅಂದಾಜನ್ನೂ ಅದು ಜೊತೆಗೆ ಕೊಡಬೇಕಾಗುತ್ತದೆ, ಮತ್ತು ಕಷ್ಟವಿರುವುದೆಲ್ಲ ಆ ಎರಡನೆಯದರಲ್ಲಿಯೇ.

ಸಂಭವನೀಯತೆಯ ಲೆಕ್ಕ ಮತ್ತು ಅನುಮಾನದ ಲೆಕ್ಕ ಒಂದೇ ಘಟ್ಟದ ರಸ್ತೆಯನ್ನು ಇಳಿಯುವ ಮತ್ತು ಹತ್ತುವ ಎರಡು ಬಗೆಗಳು. ಮೂಟೆಯಲ್ಲಿ ನೂರಕ್ಕೆ ಹನ್ನೆರಡು ಅಡಿಕೆ ಕೆಟ್ಟಿವೆ ಎಂದು ಮೊದಲೇ ಗೊತ್ತಿದ್ದರೆ, ಕಣ್ಣುಮುಚ್ಚಿ ತೆಗೆದ ಹತ್ತು ಅಡಿಕೆಯಲ್ಲಿ ಒಂದೂ ಕೆಟ್ಟದ್ದು ಬಾರದಿರುವ ಸಂಭವ ಎಷ್ಟು ಎಂದು ಕೇಳಬಹುದು. ಒಂದು ಅಡಿಕೆ ಚೆನ್ನಾಗಿರುವ ಸಂಭವ 0.88, ಅದನ್ನು ಹತ್ತು ಸಲ ತನ್ನಿಂದ ತಾನೇ ಗುಣಿಸಿದರೆ ಸುಮಾರು 0.28 ಬರುತ್ತದೆ. ಇದು ಇಳಿಯುವ ದಾರಿ: ಮೂಟೆಯಿಂದ ಹಿಡಿಗೆ. ಸೂತ್ರ ಗೊತ್ತಿದ್ದವರಿಗೆ ಉತ್ತರ ಒಂದೇ, ಅದರಲ್ಲಿ ವಾದಕ್ಕೆ ಎಡೆಯಿಲ್ಲ. ಖರೀದಿದಾರನ ಸ್ಥಿತಿ ಇದಕ್ಕೆ ತಿರುಗುಮುರುಗು. ಅವನ ಕೈಯಲ್ಲಿ ಹತ್ತು ಒಳ್ಳೆಯ ಅಡಿಕೆ ಇವೆ, ಮೂಟೆಯಲ್ಲಿ ಏನಿದೆ ಎಂದು ಅವನು ಹೇಳಬೇಕು. ನೂರಕ್ಕೆ ಹನ್ನೆರಡು ಕೆಟ್ಟಿರುವ ಮೂಟೆಯೂ ನಾಲ್ಕರಲ್ಲಿ ಒಂದು ಸಲಕ್ಕಿಂತ ಹೆಚ್ಚಾಗಿ ಹತ್ತಕ್ಕೆ ಹತ್ತು ಒಳ್ಳೆಯದನ್ನೇ ಕೊಡುತ್ತದೆ ಎಂದ ಮೇಲೆ, ಆ ಹತ್ತನ್ನು ನೋಡಿ ಮೂಟೆ ನಿಷ್ಕಳಂಕ ಎನ್ನುವಂತಿಲ್ಲ.

ಅನುಮಾನ ಎಂಬ ಪದದ ಮೇಲೆ ಒಂದು ಮಾತು. ಮನೆಯಲ್ಲಿ, ಬೀದಿಯಲ್ಲಿ ನಾವು ಆ ಪದವನ್ನು ಸಂಶಯ ಎಂಬರ್ಥದಲ್ಲಿಯೇ ಬಳಸುತ್ತೇವೆ. ನ್ಯಾಯಶಾಸ್ತ್ರದಲ್ಲಿ, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರದಲ್ಲಿ, ಅದಕ್ಕೆ ಬೇರೆ ಅರ್ಥ: ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಪ್ರಮಾಣ, ಅಂದರೆ ಸಾಧನ. ಬೆಟ್ಟದ ಮೇಲೆ ಹೊಗೆ ಕಂಡಿತು, ಹೊಗೆಯಿರುವಲ್ಲೆಲ್ಲ ಬೆಂಕಿಯಿರುತ್ತದೆ, ಆದ್ದರಿಂದ ಬೆಟ್ಟದಲ್ಲಿ ಬೆಂಕಿಯಿದೆ ಎಂಬುದು ತಾರ್ಕಿಕರ ಹಳೆಯ ಉದಾಹರಣೆ. ಅಲ್ಲಿ ಹೊಗೆಗೂ ಬೆಂಕಿಗೂ ಇರುವ ನಂಟು ಎಂದೂ ತಪ್ಪದ್ದು. ಸಂಖ್ಯಾಶಾಸ್ತ್ರ ಶುರುವಾಗುವುದು ಆ ನಂಟು ಆಗಾಗ ತಪ್ಪುವ ಜಾಗದಲ್ಲಿ. ಆದ್ದರಿಂದ ಈ ಶಾಸ್ತ್ರದ ಮಟ್ಟಿಗೆ ಅನುಮಾನದ ಎರಡೂ ಅರ್ಥಗಳು, ಅಂದರೆ ತಿಳಿಯುವುದು ಮತ್ತು ಶಂಕಿಸುವುದು, ಒಟ್ಟಿಗೇ ಇರುವುದು ನನಗೆ ಸರಿಯಾಗಿಯೇ ಕಾಣುತ್ತದೆ.

ಈಗ ಹತ್ತರ ಬದಲು ನೂರು ಅಡಿಕೆ ತೆಗೆದೆವು, ಅದರಲ್ಲಿ ಹನ್ನೆರಡು ಕೆಟ್ಟಿದ್ದವು ಎಂದುಕೊಳ್ಳೋಣ. ಮೂಟೆಯ ಬಗ್ಗೆ ನಮ್ಮ ಅಂದಾಜು ಶೇ. 12. ಇನ್ನೊಬ್ಬರು ಬೇರೆ ನೂರು ತೆಗೆದರೆ ಅವರಿಗೆ 9 ಬಂದೀತು, ಮತ್ತೊಬ್ಬರಿಗೆ 15 ಬಂದೀತು. ಈ ಅಲುಗಾಟದ ಅಳತೆಗೆ ಒಂದು ಸರಳ ಸೂತ್ರವಿದೆ: ಕೆಟ್ಟದ್ದರ ಪಾಲನ್ನು ಒಳ್ಳೆಯದರ ಪಾಲಿನಿಂದ ಗುಣಿಸಿ, ತೆಗೆದ ಅಡಿಕೆಯ ಸಂಖ್ಯೆಯಿಂದ ಭಾಗಿಸಿ, ವರ್ಗಮೂಲ ತೆಗೆಯಬೇಕು. ಇಲ್ಲಿ ಅದು ಸುಮಾರು 0.032. ಅದರ ಎರಡರಷ್ಟನ್ನು ಆಚೀಚೆ ಬಿಟ್ಟರೆ ಮೂಟೆಯ ನಿಜವಾದ ಪಾಲು ಶೇ. 6ರಿಂದ 18ರ ನಡುವೆ ಇದೆ ಎನ್ನಬಹುದು. ಬಹಳ ಅಗಲವಾಯಿತು ಎನಿಸಿದರೆ ನಾನೂರು ಅಡಿಕೆ ತೆಗೆಯಬೇಕು. ಆಗ ಅಗಲ ಅರ್ಧಕ್ಕೆ ಇಳಿಯುತ್ತದೆ. ದುಡಿಮೆ ನಾಲ್ಕು ಪಟ್ಟು, ಫಲ ಎರಡು ಪಟ್ಟು. ವರ್ಗಮೂಲದ ಈ ಜಿಪುಣತನ ಸಮೀಕ್ಷೆ ಮಾಡುವವರಿಗೆಲ್ಲ ಗೊತ್ತಿರುವ ಕಹಿ.

ಇದಕ್ಕಿಂತ ಚುರುಕಾದ ಸೂತ್ರ ಕಂಡುಹಿಡಿದು ಅದೇ ನೂರು ಅಡಿಕೆಯಿಂದ ಹೆಚ್ಚು ನಿಖರತೆ ಹಿಂಡಲು ಬರುವುದಿಲ್ಲವೇ? ಬರುವುದಿಲ್ಲ ಎಂಬ ಉತ್ತರಕ್ಕೆ ನಮ್ಮ ನಾಡಿನ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರ ಹೆಸರು ಅಂಟಿಕೊಂಡಿದೆ. ಒಂದು ಕಡೆಗೆ ವಾಲದ ಯಾವುದೇ ಅಂದಾಜಿನ ಅಲುಗಾಟ ಇಂತಿಷ್ಟಕ್ಕಿಂತ ಕೆಳಗೆ ಇಳಿಯಲಾರದು ಎಂಬ ಮಿತಿಯನ್ನು ಅವರು 1945ರ ಒಂದು ಪ್ರಬಂಧದಲ್ಲಿ ತೋರಿಸಿದರು. ಸ್ವೀಡನ್ನಿನ ಹರಾಲ್ಡ್ ಕ್ರಾಮರ್ ಕೂಡ ಪ್ರತ್ಯೇಕವಾಗಿ ಅಲ್ಲಿಗೇ ಬಂದಿದ್ದರಿಂದ ಅದನ್ನು ಕ್ರಾಮರ್–ರಾವ್ ಮಿತಿ ಎನ್ನುತ್ತಾರೆ. ನಮ್ಮ ಅಡಿಕೆಯ ವಿಷಯದಲ್ಲಿ ಕೆಟ್ಟದ್ದನ್ನು ಎಣಿಸಿ ನೂರರಿಂದ ಭಾಗಿಸುವ ಮಂಡಿಯ ಲೆಕ್ಕವೇ ಆ ಮಿತಿಯನ್ನು ಮುಟ್ಟಿಬಿಟ್ಟಿರುತ್ತದೆ.

ವರ್ಗಮೂಲದ ಆ ಸೂತ್ರದಲ್ಲಿ ಮೂಟೆಯ ಗಾತ್ರ ಬಂದೇ ಇಲ್ಲ ಎಂಬುದನ್ನು ಗಮನಿಸಬೇಕು. ಒಂದು ಮೂಟೆಯಿಂದ ತೆಗೆದ ನಾನೂರಕ್ಕೂ ಒಂದು ಲಾರಿ ಲೋಡಿನಿಂದ ತೆಗೆದ ನಾನೂರಕ್ಕೂ ನಿಖರತೆ ಹೆಚ್ಚುಕಡಿಮೆ ಒಂದೇ. ಇದನ್ನು ತರಗತಿಯಲ್ಲಿ ಹೇಳಿದಾಗ ನಂಬುವವರು ಕಡಿಮೆ. ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ನೋಡಲು ಮನೆಯ ಪಾತ್ರೆಗೂ ಮದುವೆಮನೆಯ ಕೊಪ್ಪರಿಗೆಗೂ ಒಂದೇ ಸೌಟು ಸಾಕಲ್ಲವೇ ಎಂದು ಕೇಳಿದ ಮೇಲೆ ಒಪ್ಪುತ್ತಾರೆ. ಆದರೆ ಸಾರನ್ನು ಚೆನ್ನಾಗಿ ಕಲಕಿರಬೇಕು, ಅಡಿಕೆಯನ್ನು ಚೆನ್ನಾಗಿ ಬೆರೆಸಿರಬೇಕು. ಒಳ್ಳೆಯದನ್ನು ಮೂಟೆಯ ಬಾಯಿಗೆ ತುಂಬಿ ಹುಡಿಯನ್ನು ತಳಕ್ಕೆ ಹಾಕಿದವರು ಇದ್ದಾರೆ. ಖರೀದಿದಾರ ಮೊಣಕೈವರೆಗೆ ಕೈಯಿಳಿಸುವುದು ಅದಕ್ಕಾಗಿಯೇ. ಪ್ರತಿಯೊಂದು ಅಡಿಕೆಗೂ ಆಯ್ಕೆಯಾಗುವ ಅವಕಾಶ ಸಮನಾಗಿಲ್ಲದಿದ್ದರೆ ಎಷ್ಟು ಸಾವಿರ ತೆಗೆದರೂ ಪ್ರಯೋಜನವಿಲ್ಲ.

1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಲಿಟರರಿ ಡೈಜೆಸ್ಟ್ ಪತ್ರಿಕೆಗೆ ಆದದ್ದು ಇದೇ. ಸುಮಾರು ಒಂದು ಕೋಟಿ ಜನರಿಗೆ ಕಾರ್ಡು ಕಳಿಸಿ, 20 ಲಕ್ಷಕ್ಕೂ ಮೀರಿದ ಉತ್ತರಗಳನ್ನು ಎಣಿಸಿ, ಲ್ಯಾಂಡನ್ ಗೆಲ್ಲುತ್ತಾರೆಂದು ಅದು ಸಾರಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ನ್ನು ಬಾಚಿಕೊಂಡು. ಪತ್ರಿಕೆಯ ವಿಳಾಸಗಳು ಬಂದಿದ್ದು ಟೆಲಿಫೋನ್ ಡೈರೆಕ್ಟರಿ ಮತ್ತು ಕಾರು ನೋಂದಣಿಯ ಪಟ್ಟಿಗಳಿಂದ; ಆರ್ಥಿಕ ಕುಸಿತದ ಆ ಕಾಲದಲ್ಲಿ ಅವೆರಡೂ ಉಳ್ಳವರ ಪಟ್ಟಿಗಳು. ಸಾಲದ್ದಕ್ಕೆ ಉತ್ತರ ಬರೆದು ಕಳಿಸುವ ಉತ್ಸಾಹವೂ ಎಲ್ಲರಿಗೂ ಸಮನಾಗಿರಲಿಲ್ಲ. ಅದಕ್ಕಿಂತ ಬಹಳ ಕಡಿಮೆ ಜನರನ್ನು ಕೇಳಿದ ಜಾರ್ಜ್ ಗ್ಯಾಲಪ್ ಸರಿಯಾಗಿ ಹೇಳಿದ್ದರು. ನಮ್ಮಲ್ಲಿ ಈ ಎಚ್ಚರವನ್ನು ಗದ್ದೆಗೆ ತಂದವರಲ್ಲಿ 1931ರಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದ ಪಿ. ಸಿ. ಮಹಲನೋಬಿಸ್ ಪ್ರಮುಖರು. ಇಂದಿಗೂ ಭತ್ತದ ಬೆಳೆ ಕಟಾವು ಪ್ರಯೋಗಕ್ಕೆ ಬಂದವರು ಗದ್ದೆಯಲ್ಲಿ ತಮಗೆ ಬೇಕಾದ ಕಡೆ ಹಗ್ಗ ಹಾಕುವಂತಿಲ್ಲ. ಯಾದೃಚ್ಛಿಕ ಸಂಖ್ಯೆ, ಅಂದರೆ ಚೀಟಿಯೆತ್ತಿದಂತೆ ಬಂದ ಸಂಖ್ಯೆ, ಹೇಳಿದಷ್ಟು ಹೆಜ್ಜೆ ನಡೆದು, ಅಲ್ಲಿ ಜೊಳ್ಳಿದ್ದರೂ ಅದನ್ನೇ ಕೊಯ್ಯಬೇಕು. ಫಸಲು ಹುಲುಸಾಗಿರುವ ಕಡೆಗೆ ಕಾಲು ತಾನಾಗಿಯೇ ಎಳೆಯುತ್ತದೆ, ಬೆಳೆ ವಿಮೆ ಕೊಡಿಸಬೇಕೆಂಬ ಕನಿಕರವಿದ್ದವರಿಗೆ ಜೊಳ್ಳಿನ ಕಡೆಗೆ ಎಳೆಯುತ್ತದೆ.

ಶೇ. 6ರಿಂದ 18 ಎಂಬ ಅಂತರಕ್ಕೆ ಶೇ. 95ರ ವಿಶ್ವಾಸಾಂತರ ಎಂಬ ಹೆಸರಿದೆ. ಆ ತೊಂಬತ್ತೈದು ಯಾವುದರ ಗುಣ ಎಂಬಲ್ಲಿ ಪಾಠ ಹೇಳುವವರೂ ಎಡವುತ್ತಾರೆ. ನಾನೂ ಕೆಲವು ವರ್ಷ ತಪ್ಪಾಗಿಯೇ ಹೇಳಿದ್ದೇನೆ. ಅದು ಈ ಒಂದು ಅಂತರದ ಗುಣವಲ್ಲ, ವಿಧಾನದ ಗುಣ. ಅದೇ ಮೂಟೆಯಿಂದ ಇಪ್ಪತ್ತು ಜನ ಬೇರೆಬೇರೆಯಾಗಿ ನೂರು ನೂರು ಅಡಿಕೆ ತೆಗೆದು ಇಪ್ಪತ್ತು ಅಂತರಗಳನ್ನು ಬರೆದುಕೊಂಡರೆ, ಸರಾಸರಿ ಹತ್ತೊಂಬತ್ತರೊಳಗೆ ಮೂಟೆಯ ನಿಜವಾದ ಪಾಲು ಸಿಕ್ಕಿರುತ್ತದೆ, ಒಬ್ಬರದು ತಪ್ಪಿರುತ್ತದೆ. ಆ ಒಬ್ಬರು ನಾವೇ ಆಗಿದ್ದೇವೆಯೋ ಎಂಬುದನ್ನು ಅಂತರ ಹೇಳುವುದಿಲ್ಲ. ನಮ್ಮ ಈ ಮೂಟೆಯ ಬಗ್ಗೆಯೇ ಸಂಭವನೀಯತೆ ಹೇಳಬೇಕೆಂದರೆ, ಹಿಡಿಗೆ ಕೈಹಾಕುವ ಮೊದಲು ಮೂಟೆಯ ಬಗ್ಗೆ ನಮಗೆ ಏನು ಗೊತ್ತಿತ್ತು ಎಂಬುದನ್ನೂ ಲೆಕ್ಕಕ್ಕೆ ತರಬೇಕಾಗುತ್ತದೆ.

ಮತ್ತೆ ಬೆಟ್ಟದ ಹೊಗೆಗೆ ಬರೋಣ. ದೂರದಿಂದ ಕಂಡದ್ದು ಹೊಗೆಯೋ ಧೂಳೋ ಎಂಬ ಸಂಶಯವನ್ನು ಆ ತಾರ್ಕಿಕರ ಹಳೆಯ ಗ್ರಂಥವಾದ ನ್ಯಾಯಭಾಷ್ಯವೇ ಎತ್ತುತ್ತದೆ. ಮಲೆನಾಡಿನಲ್ಲಿ ಆ ಧೂಳಿನ ಜಾಗದಲ್ಲಿ ಮಂಜು ಇದೆ. ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಆಗುಂಬೆಯಲ್ಲಿ ಜುಲೈ ತಿಂಗಳ ಒಂದು ಹೊಳವಿನ ಬೆಳಿಗ್ಗೆ ಕಾಡಿನ ಮೇಲಿಂದ ಬೆಳ್ಳಗೆ ಏಳುವುದನ್ನು ಕಂಡು ಯಾರೂ ಬೆಂಕಿ ಎಂದು ಕೂಗುವುದಿಲ್ಲ. ಅದೇ ದೃಶ್ಯ ಮಾರ್ಚ್ ತಿಂಗಳ ಮಧ್ಯಾಹ್ನ ಕಂಡರೆ ಊರಿನವರು ಹಸಿಸೊಪ್ಪು ಮುರಿದುಕೊಂಡು ಓಡುತ್ತಾರೆ. ಕಣ್ಣಿಗೆ ಬಿದ್ದ ಸಾಕ್ಷ್ಯ ಒಂದೇ, ಎರಡೂ ಸಲ ತೀರ್ಮಾನ ಬೇರೆ, ಎರಡೂ ಸಲ ಅದು ಸರಿ. ಸಾಕ್ಷ್ಯಕ್ಕಿಂತ ಮೊದಲು ಬೆಂಕಿಯ ಸಂಭವ ಎಷ್ಟಿತ್ತು ಎಂಬುದು ಸಾಕ್ಷ್ಯದ ತೂಕದ ಜೊತೆ ಗುಣಾಕಾರವಾಗಿ ಸೇರುತ್ತದೆ. ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ 1761ರಲ್ಲಿ ತೀರಿಕೊಂಡ ಮೇಲೆ ಅವರ ಗೆಳೆಯ ರಿಚರ್ಡ್ ಪ್ರೈಸ್ 1763ರಲ್ಲಿ ಪ್ರಕಟಣೆಗೆ ತಂದ ಪ್ರಬಂಧದ ತಿರುಳು ಇದು. ಫ್ರಾನ್ಸಿನ ಲಾಪ್ಲಾಸ್ 1774ರಲ್ಲಿ ಸ್ವತಂತ್ರವಾಗಿ ಅದನ್ನೇ ಕಂಡುಕೊಂಡು, ಮುಂದೆ ದೊಡ್ಡದಾಗಿ ಬೆಳೆಸಿದರು.

ಇದರ ಪರಿಣಾಮ ಎಷ್ಟು ಎಂಬುದನ್ನು ನಮ್ಮ ಜಿಲ್ಲೆಯದೇ ಕಾಯಿಲೆಯ ಮೂಲಕ ನೋಡಬಹುದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ, ಉಣುಗಿನ ಕಡಿತದಿಂದ ಹರಡುವ ಮಂಗನ ಕಾಯಿಲೆ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ಲೆಕ್ಕಕ್ಕಾಗಿ ಒಂದು ಕಾಲ್ಪನಿಕ ಪರೀಕ್ಷೆಯನ್ನು ಇಟ್ಟುಕೊಳ್ಳೋಣ: ಕಾಯಿಲೆ ಇದ್ದವರಲ್ಲಿ ನೂರಕ್ಕೆ 95 ಜನರನ್ನು ಅದು ಹಿಡಿಯುತ್ತದೆ, ಇಲ್ಲದವರಲ್ಲಿ ನೂರಕ್ಕೆ 2 ಜನರಿಗೆ ತಪ್ಪಾಗಿ ಇದೆ ಎನ್ನುತ್ತದೆ. ಒಳ್ಳೆಯ ಪರೀಕ್ಷೆ ಎಂದೇ ಯಾರೂ ಹೇಳಿಯಾರು. ಮೊದಲು ಕಾಡಂಚಿನ ಊರುಗಳಿಗೆ ಹೋಗೋಣ. ತಿಂಗಳು ಫೆಬ್ರುವರಿ, ತೋಟದ ಆಚೆ ಮಂಗಗಳು ಸತ್ತು ಬಿದ್ದಿವೆ, ಜ್ವರ ಮತ್ತು ತಲೆಸಿಡಿತದಿಂದ ಬಂದ 1,000 ಜನರಲ್ಲಿ 200 ಜನರಿಗೆ ನಿಜವಾಗಿ ಕಾಯಿಲೆಯಿದೆ ಎನ್ನೋಣ. ಪರೀಕ್ಷೆ ಅವರಲ್ಲಿ 190 ಜನರನ್ನು ಹಿಡಿಯುತ್ತದೆ. ಉಳಿದ 800 ಜನರಲ್ಲಿ 16 ಜನರಿಗೆ ಸುಳ್ಳು ಹೇಳುತ್ತದೆ. ಪಾಸಿಟಿವ್ ಬಂದ 206 ಜನರಲ್ಲಿ 190 ಜನರಿಗೆ ಕಾಯಿಲೆ ಇರುವುದು ನಿಜ, ಅಂದರೆ ನೂರಕ್ಕೆ 92. ಈಗ ಅದೇ ಪರೀಕ್ಷೆಯನ್ನು ಜ್ವರವಿರಲಿ ಇಲ್ಲದಿರಲಿ ಪೇಟೆಯ 20,000 ಜನರಿಗೆ ಮಾಡಿದೆವು, ಅವರಲ್ಲಿ ಕಾಯಿಲೆಯಿರುವವರು 20 ಮಂದಿ. ಪರೀಕ್ಷೆ 19 ಜನರನ್ನು ಹಿಡಿಯುತ್ತದೆ. ಕಾಯಿಲೆಯಿಲ್ಲದ 19,980 ಜನರಲ್ಲಿ ನೂರಕ್ಕೆ ಎರಡರಂತೆ ಸುಮಾರು 400 ಜನರಿಗೂ ಪಾಸಿಟಿವ್ ಬರುತ್ತದೆ. 419 ಜನರಲ್ಲಿ 19. ನೂರಕ್ಕೆ ಐದೂ ಇಲ್ಲ.

ಪರೀಕ್ಷೆ ಒಂದೇ, ಕಿಟ್ ಒಂದೇ, ಲ್ಯಾಬಿನವರ ಕೈ ಒಂದೇ. ಒಂದು ಕಡೆ ಪಾಸಿಟಿವ್ ಎಂದರೆ ಹೆಚ್ಚುಕಡಿಮೆ ಖಚಿತ, ಇನ್ನೊಂದು ಕಡೆ ಹೆಚ್ಚುಕಡಿಮೆ ಗದ್ದಲ. ತಪ್ಪು ಹುಟ್ಟುವುದು ಎರಡು ವಾಕ್ಯಗಳನ್ನು ಒಂದೆಂದು ಭಾವಿಸುವುದರಿಂದ: ಕಾಯಿಲೆಯಿದ್ದರೆ ಪಾಸಿಟಿವ್ ಬರುವ ಸಂಭವ 95 ಎಂಬುದು ಒಂದು, ಪಾಸಿಟಿವ್ ಬಂದರೆ ಕಾಯಿಲೆಯಿರುವ ಸಂಭವ ಎಂಬುದು ಇನ್ನೊಂದು. ಮಲೆನಾಡಿನವರಲ್ಲಿ ಅಡಿಕೆ ತೋಟವಿದ್ದವರು ಬಹಳ ಎಂದ ಮಾತ್ರಕ್ಕೆ ಅಡಿಕೆ ತೋಟವಿದ್ದವರೆಲ್ಲ ಮಲೆನಾಡಿನವರಾಗುವುದಿಲ್ಲ, ಚನ್ನಗಿರಿಯ ಬಯಲಿನಲ್ಲೂ ಬೇಕಾದಷ್ಟು ತೋಟಗಳಿವೆ. ಮಾತಿನಲ್ಲಿ ಇದು ಎಲ್ಲರಿಗೂ ಥಟ್ಟನೆ ಹೊಳೆಯುತ್ತದೆ. ಅಂಕಿಗಳು ಬಂದಾಗ ಕೈತಪ್ಪುತ್ತದೆ. ಪೇಟೆಯ ಆ 419 ಜನರಿಗೆ ಪರೀಕ್ಷೆಯನ್ನು ಎರಡನೆಯ ಸಲ ಮಾಡಿ, ಮತ್ತೆ ಪಾಸಿಟಿವ್ ಬಂದವರನ್ನಷ್ಟೇ ನೋಡಿದರೆ ನಿಜದ ಪಾಲು ನೂರಕ್ಕೆ ಸುಮಾರು 69ಕ್ಕೆ ಏರುತ್ತದೆ, ಎರಡನೆಯ ತಪ್ಪಿಗೂ ಮೊದಲ ತಪ್ಪಿಗೂ ಸಂಬಂಧವಿಲ್ಲದಿದ್ದ ಪಕ್ಷದಲ್ಲಿ ಮಾತ್ರ. ಮೊದಲ ಸಲ ತೆಗೆದ ರಕ್ತವೇ ಕಲುಷಿತವಾಗಿದ್ದು ಎರಡನೆಯ ಸಲವೂ ಅದನ್ನೇ ಬಳಸಿದ್ದರೆ ಹೊಸದಾಗಿ ತಿಳಿದದ್ದು ಏನೂ ಇಲ್ಲ.

ಇದೇ ಕಾಡಿನಲ್ಲಿ ಇನ್ನೊಂದು ಲೆಕ್ಕವಿದೆ, ಸೊನ್ನೆಯ ಲೆಕ್ಕ. ಕಾಡಿನ ನೆಲದ ಮೇಲೆ ಬಟ್ಟೆ ಎಳೆದು ಉಣುಗುಗಳನ್ನು ಹಿಡಿದು ವೈರಾಣುವಿಗಾಗಿ ಪರೀಕ್ಷಿಸುವುದುಂಟು. ಒಂದು ಕಾಡಿನ 300 ಉಣುಗುಗಳಲ್ಲಿ ಒಂದರಲ್ಲೂ ವೈರಾಣು ಸಿಗಲಿಲ್ಲ ಎಂದಿಟ್ಟುಕೊಳ್ಳಿ. ಆ ಕಾಡಿನಲ್ಲಿ ವೈರಾಣುವೇ ಇಲ್ಲ ಎನ್ನಬಹುದೇ? ನೂರಕ್ಕೆ ಒಂದು ಉಣುಗಿನಲ್ಲಿ ವೈರಾಣು ಇದ್ದಿದ್ದರೆ 300ರಲ್ಲಿ ಒಂದೂ ಸಿಗದಿರುವ ಸಂಭವ ನೂರಕ್ಕೆ ಐದರಷ್ಟು. ಆದ್ದರಿಂದ ಶೇ. 95ರ ವಿಶ್ವಾಸದಿಂದ ಹೇಳಬಹುದಾದದ್ದು ಇಷ್ಟೇ: ವೈರಾಣು ಹೊತ್ತ ಉಣುಗುಗಳ ಪಾಲು ನೂರಕ್ಕೆ ಒಂದನ್ನು ಮೀರಿರಲಾರದು. ಎಷ್ಟು ನೋಡಿದರೂ ಒಂದೂ ಸಿಗಲಿಲ್ಲವೆಂದರೆ ಮೂರನ್ನು ನೋಡಿದ ಸಂಖ್ಯೆಯಿಂದ ಭಾಗಿಸಿ ಮೇಲಿನ ಮಿತಿ ಎಂದುಕೊಳ್ಳುವುದು ವೈದ್ಯಕೀಯದಲ್ಲಿ ಬಳಕೆಯಲ್ಲಿರುವ ಸುಲಭೋಪಾಯ. ನೂರಕ್ಕೆ ಒಂದು ಎಂಬುದು ಚಿಕ್ಕದಾಗಿ ಕಾಣಬಹುದು, ಆದರೆ ದರಗು, ಅಂದರೆ ಒಣಗಿದ ಎಲೆ, ಗುಡಿಸಲು ಹೋದವರ ಮೈಗೆ ಒಂದೇ ದಿನ ಹತ್ತಾರು ಉಣುಗು ಹತ್ತುತ್ತವೆ.

ಗಣಕಯಂತ್ರಕ್ಕೂ ಈ ಸೊನ್ನೆಯ ಕಾಟವಿದೆ. ಬೇಡದ ಸಂದೇಶಗಳನ್ನು ಬೇರ್ಪಡಿಸುವ ಜರಡಿಯೊಂದು ಬೇಯ್ಸ್ ಸೂತ್ರದ ಮೇಲೆ ನಡೆಯುತ್ತದೆ ಎಂದುಕೊಳ್ಳಿ. ಹಿಂದಿನ ಸಾವಿರಾರು ಸಂದೇಶಗಳಲ್ಲಿ ಪ್ರತಿಯೊಂದು ಪದ ಮೋಸದ ಗುಂಪಿನಲ್ಲಿ ಎಷ್ಟು ಸಲ, ನೆಟ್ಟಗಿನ ಗುಂಪಿನಲ್ಲಿ ಎಷ್ಟು ಸಲ ಬಂದಿದೆ ಎಂದು ಅದು ಎಣಿಸಿಟ್ಟಿರುತ್ತದೆ. ಲಾಟರಿ, ಕೆವೈಸಿ, ತಕ್ಷಣ, ಲಿಂಕ್ ಎಂಬ ಪದಗಳಿರುವ ಹೊಸ ಸಂದೇಶ ಬಂದಾಗ, ಪರೀಕ್ಷೆಯ ಫಲಿತಾಂಶವನ್ನು ಬಳಸಿದಂತೆಯೇ ಒಂದೊಂದು ಪದವನ್ನೂ ಸಾಕ್ಷ್ಯವಾಗಿ ಬಳಸಿ ಗುಣಿಸುತ್ತ ಹೋಗುತ್ತದೆ. ಪದಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಬರುತ್ತವೆ ಎಂದು ಅದು ಭಾವಿಸುತ್ತದೆ. ಇದು ಶುದ್ಧ ಸುಳ್ಳು, ವಿದ್ಯುತ್ ಎಂಬುದರ ಹಿಂದೆ ಬಿಲ್ ಬರುವುದು ಎಲ್ಲರಿಗೂ ಗೊತ್ತು, ಆದರೂ ಜರಡಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ತೊಂದರೆ ಬರುವುದು ಅಡಿಕೆಯ ರೋಗವೊಂದರ ಹೆಸರಾದ ಎಲೆಚುಕ್ಕಿ ಎಂಬಂಥ ಪದದಿಂದ. ಮೋಸದ ಗುಂಪಿನಲ್ಲಿ ಅದು ಒಂದು ಸಲವೂ ಬಂದಿಲ್ಲವೆಂದು ಸಂಭವವನ್ನು ಸೊನ್ನೆ ಎಂದು ಬರೆದುಕೊಂಡರೆ, ಗುಣಾಕಾರದಲ್ಲಿ ಎಲ್ಲವೂ ಸೊನ್ನೆಯಾಗಿ, ಎಲೆಚುಕ್ಕಿ ಎಂಬ ಒಂದು ಪದ ತುರುಕಿದ ಯಾವ ಮೋಸದ ಸಂದೇಶವೂ ಸಿಕ್ಕಿಬೀಳುವುದಿಲ್ಲ. ಅದಕ್ಕಾಗಿ ಪ್ರತಿ ಪದದ ಎಣಿಕೆಗೂ ಒಂದನ್ನು ಸೇರಿಸಿಕೊಂಡೇ ಲೆಕ್ಕ ಶುರುಮಾಡುತ್ತಾರೆ. ಹದಿನೆಂಟನೆಯ ಶತಮಾನದ ಲಾಪ್ಲಾಸ್, ಈವರೆಗೆ ತಪ್ಪದೆ ಹುಟ್ಟಿದ ಸೂರ್ಯ ನಾಳೆ ಹುಟ್ಟುವ ಸಂಭವ ಎಷ್ಟು ಎಂಬ ಪ್ರಶ್ನೆಗೆ ಹೂಡಿದ ಉಪಾಯವೇ ಅದು. ಇನ್ನು ನೂರಾರು ಸಣ್ಣ ಭಿನ್ನರಾಶಿಗಳನ್ನು ಗುಣಿಸಿದರೆ ಗಣಕದಲ್ಲಿ ಅಂಕಿ ಕರಗಿ ಸೊನ್ನೆಯಾಗುವುದರಿಂದ, ಗುಣಿಸುವ ಬದಲು ಲಾಗರಿದಮ್‌ಗಳನ್ನು ಕೂಡುತ್ತಾರೆ.

ಬೇಯ್ಸ್ ದಾರಿಗೆ ಮೊದಲಿನ ತಿಳಿವು ಬೇಕು. ಅದು ಎಲ್ಲಿಂದ ತರುವುದು ಎಂದು ಜಗಳವಾಡಿದವರಲ್ಲಿ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್ ಪ್ರಮುಖರು. ಅವರ ದಾರಿಯನ್ನು ಕಷಾಯದಿಂದ ವಿವರಿಸುತ್ತೇನೆ. ಹೊಸನಗರದ ಕಡೆಯ ನಮ್ಮ ಚಿಕ್ಕಮ್ಮನಿಗೆ ಮಲೆನಾಡು ಗಿಡ್ಡ ಎಂಬ ತಳಿಯ ಹಸುವಿನ ಹಾಲಿನ ಕಷಾಯಕ್ಕೂ ಪ್ಯಾಕೆಟ್ ಹಾಲಿನ ಕಷಾಯಕ್ಕೂ ವ್ಯತ್ಯಾಸ ನಾಲಿಗೆಗೆ ಹತ್ತಿದ ಕೂಡಲೇ ತಿಳಿಯುತ್ತದಂತೆ. ನನಗೆ ನಂಬಿಕೆಯಾಗಲಿಲ್ಲ. ಹೋದ ಚಾತುರ್ಮಾಸ್ಯದಲ್ಲಿ ಎಂಟು ಲೋಟ ಕಷಾಯ ಮಾಡಿ, ನಾಲ್ಕಕ್ಕೆ ಗಿಡ್ಡದ ಹಾಲು, ನಾಲ್ಕಕ್ಕೆ ಪ್ಯಾಕೆಟ್ ಹಾಲು ಹಾಕಿ, ಚೀಟಿ ಎತ್ತಿ ಬಂದ ಕ್ರಮದಲ್ಲಿ ಮುಂದಿಟ್ಟೆವು. ಗಿಡ್ಡದ ನಾಲ್ಕನ್ನು ಆರಿಸಿ ಕೊಡಿ ಎಂದೆ. ಎಂಟರಲ್ಲಿ ನಾಲ್ಕನ್ನು ಆರಿಸುವ ಬಗೆಗಳು 70. ನಾಲಿಗೆಗೆ ಏನೂ ಗೊತ್ತಾಗದೆ ಬರೀ ಅದೃಷ್ಟದಿಂದ ನಾಲ್ಕಕ್ಕೆ ನಾಲ್ಕೂ ಸರಿಯಾಗುವ ಸಂಭವ 70ರಲ್ಲಿ 1, ನೂರಕ್ಕೆ ಒಂದೂವರೆಗಿಂತ ಕಡಿಮೆ. ಹಾಗಾಗಿದ್ದರೆ ನಾನು ಸೋಲೊಪ್ಪುವವನಿದ್ದೆ. ಚಿಕ್ಕಮ್ಮ ಆರಿಸಿದ ನಾಲ್ಕರಲ್ಲಿ ಮೂರು ಸರಿ, ಒಂದು ತಪ್ಪು. ಮೂರೇ ಸರಿಯಾಗುವ ಬಗೆಗಳು 16, ನಾಲ್ಕೂ ಸರಿಯಾಗುವುದು 1; ಒಟ್ಟು 70ರಲ್ಲಿ 17, ಅಂದರೆ ನೂರಕ್ಕೆ 24. ಫಿಶರ್ 1935ರಲ್ಲಿ ಹಾಲು ಮೊದಲು ಹಾಕಿದ ಚಹಾ, ಆಮೇಲೆ ಹಾಕಿದ ಚಹಾ ಎಂಬ ಎಂಟು ಕಪ್ಪುಗಳಿಂದ ಬರೆದು ತೋರಿಸಿದ ಪ್ರಯೋಗ ಇದೇ, ಲೋಟ ಮಾತ್ರ ನಮ್ಮದು.

ಈ 24ನ್ನು ಪಿ-ಮೌಲ್ಯ ಎನ್ನುತ್ತಾರೆ. ಅದು ಚಿಕ್ಕಮ್ಮನ ಮಾತು ಸುಳ್ಳಾಗಿರುವ ಸಂಭವವಲ್ಲ. ಮಾತು ಸುಳ್ಳೆಂದು ಒಪ್ಪಿಕೊಂಡ ಮೇಲೆ ಇಷ್ಟು ಒಳ್ಳೆಯ ಅಥವಾ ಇದಕ್ಕಿಂತ ಒಳ್ಳೆಯ ಫಲಿತಾಂಶ ಬರುವ ಸಂಭವ. ಮತ್ತೆ ಅದೇ ಎರಡು ವಾಕ್ಯಗಳ ಗೊಂದಲ! 2016ರಲ್ಲಿ ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ ಪಿ-ಮೌಲ್ಯದ ವಿಷಯವಾಗಿಯೇ ಹೇಳಿಕೆ ಹೊರಡಿಸಬೇಕಾಯಿತು. ಇನ್ನು 24 ಬಂದದ್ದರಿಂದ ನಾಲಿಗೆಗೆ ಶಕ್ತಿಯಿಲ್ಲವೆಂದು ಸಾಬೀತಾಯಿತೇ ಎಂದರೆ ಅದೂ ಇಲ್ಲ. ಎಂಟು ಲೋಟದ ಪರೀಕ್ಷೆಯಲ್ಲಿ ಒಂದೂ ತಪ್ಪದವರು ಮಾತ್ರ ದಾಟುತ್ತಾರೆ. ನಿಜವಾಗಿಯೂ ರುಚಿ ತಿಳಿಯುವ, ಆದರೆ ಅಪರೂಪಕ್ಕೆ ಎಡವುವವರನ್ನು ಗುರುತಿಸುವ ಬಲ ಆ ಪರೀಕ್ಷೆಗೇ ಇರಲಿಲ್ಲ.

ಪಿ-ಮೌಲ್ಯ ನೂರಕ್ಕೆ ಐದಕ್ಕಿಂತ ಕೆಳಗಿದ್ದರೆ ಫಲಿತಾಂಶವನ್ನು ಒಪ್ಪಬಹುದು ಎಂದು ವಿಜ್ಞಾನದಲ್ಲಿ ಎಳೆದಿರುವ ಗೆರೆ ಫಿಶರ್ ಕಾಲದಿಂದ ಬಂದ ರೂಢಿ, ಪ್ರಕೃತಿ ನಿಯಮವಲ್ಲ. ಅದರೊಳಗೆ ಮಂಗನ ಕಾಯಿಲೆಯ ಲೆಕ್ಕವೇ ಅಡಗಿದೆ. ಸಂಶೋಧಕರು 1,000 ಊಹೆಗಳನ್ನು ಪರೀಕ್ಷಿಸುತ್ತಾರೆ, ಅದರಲ್ಲಿ 100 ಮಾತ್ರ ನಿಜ, ನಿಜವಾದದ್ದನ್ನು ಗುರುತಿಸುವ ಬಲ ನೂರಕ್ಕೆ 80 ಎಂದುಕೊಂಡರೆ, 80 ನಿಜಗಳು ಗೆರೆ ದಾಟುತ್ತವೆ; ಸುಳ್ಳಾದ 900ರಲ್ಲಿ 45 ಕೂಡ ದಾಟುತ್ತವೆ. ಪ್ರಕಟವಾಗುವ 125ರಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಪೊಳ್ಳು, ಅದೂ ಯಾರೂ ಮೋಸ ಮಾಡದೆ. ಒಂದೇ ತೋಟದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಇಪ್ಪತ್ತು ಬಗೆಯ ನಿಷ್ಪ್ರಯೋಜಕ ಔಷಧಿ ಹೊಡೆದು ನೋಡಿದರೂ ಒಂದಾದರೂ ಫಲಕಾರಿ ಎಂದು ತೋರುವ ಸಂಭವ ನೂರಕ್ಕೆ 64. ಆ ಒಂದರ ಡಬ್ಬಿಯ ಮೇಲೆ ವೈಜ್ಞಾನಿಕವಾಗಿ ದೃಢಪಟ್ಟಿದೆ ಎಂದು ಅಚ್ಚಾಗುತ್ತದೆ. 2015ರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮರುಪ್ರಯೋಗ ಮಾಡಿದಾಗ ಮೂಲದಲ್ಲಿ ನೂರಕ್ಕೆ 97 ಗೆರೆ ದಾಟಿದ್ದವು, ಮರುಪ್ರಯೋಗದಲ್ಲಿ 36. ಕಣ ಭೌತವಿಜ್ಞಾನಿಗಳು ಈ ಅಪಾಯ ಅರಿತು ಗೆರೆಯನ್ನು ಬಹಳ ದೂರ ಇಟ್ಟುಕೊಂಡಿದ್ದಾರೆ: 2012ರ ಜುಲೈ 4ರಂದು ಹಿಗ್ಸ್ ಕಣವನ್ನು ಸಾರಿದ್ದು, ಕಣವಿಲ್ಲದೆ ಅಂಥ ಗುರುತು ಬರುವ ಸಂಭವ ಸುಮಾರು 35 ಲಕ್ಷಕ್ಕೆ ಒಂದು ಎಂಬ ಮಟ್ಟ ತಲುಪಿದ ಮೇಲೆ.

ಸೂತ್ರಗಳಿಲ್ಲದ ಕಡೆ ಗಣಕಯಂತ್ರ ಈಗ ನೇರವಾಗಿ ಆಟವಾಡಿಯೇ ನೋಡುತ್ತದೆ. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್ 1946ರಲ್ಲಿ ಇಸ್ಪೀಟಿನ ಒಬ್ಬಂಟಿ ಆಟ ಆಡುತ್ತ, ಗೆಲ್ಲುವ ಸಂಭವವನ್ನು ಗಣಿತದಿಂದ ತೆಗೆಯುವ ಬದಲು ನೂರು ಸಲ ಆಡಿ ಎಣಿಸಿದರಾಗದೇ ಎಂದು ಯೋಚಿಸಿದ್ದರಿಂದ ಮಾಂಟೆ ಕಾರ್ಲೋ ವಿಧಾನ ಹುಟ್ಟಿತು. ತೋಟದ ಉದಾಹರಣೆ ಕೊಡುತ್ತೇನೆ. ನಲವತ್ತು ಮರಗಳಲ್ಲಿ ಇಪ್ಪತ್ತಕ್ಕೆ ಎರಡು ಸಲ, ಇಪ್ಪತ್ತಕ್ಕೆ ಮೂರು ಸಲ ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಹೊಡೆಸಿ, ಉದುರಿದ ಕಾಯಿ ಎಣಿಸಿದೆವು. ಮೂರು ಸಲ ಹೊಡೆದ ಕಡೆ ಮರಕ್ಕೆ ಸರಾಸರಿ ಹದಿನೈದು ಕಾಯಿ ಕಡಿಮೆ ಉದುರಿತು ಎನ್ನೋಣ. ಮೂರನೆಯ ಸಿಂಪಡಣೆಯಿಂದ ಏನೂ ಆಗಿಲ್ಲದಿದ್ದರೆ ಎರಡು, ಮೂರು ಎಂಬ ಪಟ್ಟಿಗಳನ್ನು ಮರದಿಂದ ಮರಕ್ಕೆ ಹೇಗೆ ಬದಲಿಸಿ ಅಂಟಿಸಿದರೂ ಒಂದೇ. ಅಂಟಿಸುವ ಬಗೆಗಳು 13,784 ಕೋಟಿಗೂ ಹೆಚ್ಚು. ಗಣಕ ಅದರಲ್ಲಿ ಹತ್ತು ಸಾವಿರವನ್ನು ಕಲಸಿ ಎತ್ತಿ, ಪ್ರತಿ ಸಲವೂ ಎರಡು ಗುಂಪಿನ ಅಂತರವನ್ನು ಕ್ಷಣಮಾತ್ರದಲ್ಲಿ ಲೆಕ್ಕಹಾಕುತ್ತದೆ. ಹದಿನೈದೋ ಅದಕ್ಕಿಂತ ಹೆಚ್ಚೋ ಅಂತರ ಮೂವತ್ತು ಸಲ ಮಾತ್ರ ಬಂದರೆ, ಅದೃಷ್ಟದಿಂದ ಹೀಗಾಗುವ ಸಂಭವ ಸಾವಿರಕ್ಕೆ ಮೂರು. ವರ್ಗಮೂಲವಿಲ್ಲ, ಕೋಷ್ಟಕವಿಲ್ಲ. ಇದಕ್ಕಿರುವ ಕಟ್ಟುಪಾಡು ಒಂದೇ: ಯಾವ ಮರಕ್ಕೆ ಮೂರನೆಯ ಸಿಂಪಡಣೆ ಎಂಬುದನ್ನು ಮೊದಲೇ ಚೀಟಿಯೆತ್ತಿ ನಿರ್ಧರಿಸಿರಬೇಕು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರಿಗೆ ಬಿಟ್ಟರೆ ಅವರು ರಸ್ತೆಗೆ ಹತ್ತಿರದ, ಏರಿನ ಮೇಲಿನ ಮರಗಳನ್ನೇ ಹಿಡಿಯುತ್ತಾರೆ. ಕೊಳೆ ಹೆಚ್ಚಿರುವುದು ನೀರು ನಿಲ್ಲುವ ತಗ್ಗಿನಲ್ಲಿ. ಆಗ ಗಣಕ ಎಷ್ಟು ಲಕ್ಷ ಸಲ ಕಲಸಿದರೂ ಅದು ಅಳೆಯುವುದು ತೋಟದ ಏರುತಗ್ಗನ್ನೇ ಹೊರತು ಔಷಧಿಯನ್ನಲ್ಲ.

ಚಿಕ್ಕಮ್ಮನ ವಿಷಯ ಇತ್ಯರ್ಥವಾಗಿಲ್ಲ. ಒಂದು ಲೋಟ ತಪ್ಪಿದ್ದಕ್ಕೆ ಶುಂಠಿ ಹೆಚ್ಚಾದದ್ದು ಕಾರಣ ಎಂದು ಅವರು, ಅದಕ್ಕೇ ಚೀಟಿಯೆತ್ತಿದ್ದು ಎಂದು ನಾನು. ಕೊನೆಗೆ ಹನ್ನೆರಡು ಲೋಟಕ್ಕೆ ಒಪ್ಪಂದವಾಗಿದೆ: ಆರು ಗಿಡ್ಡದ್ದು, ಆರು ಪ್ಯಾಕೆಟ್ಟಿನದು. ಆರಿಸುವ ಬಗೆಗಳು 924. ಒಂದು ತಪ್ಪಿದರೂ 924ರಲ್ಲಿ 37, ನೂರಕ್ಕೆ ನಾಲ್ಕು, ಅಂದರೆ ಈ ಸಲ ಒಂದು ತಪ್ಪಿಗೆ ಜಾಗವಿದೆ. ಗಬ್ಬದ ಹಸು ಈಗ ಹಾಲು ಬತ್ತಿಸಿಕೊಂಡಿದೆ; ಕರು ಹಾಕುವವರೆಗೆ ಕಾಯಬೇಕು.